ಲಿಯೆನಕ್ಕ ಹೊತ್ತ ಮೀನು

ಮ್ಯಾಡ್ರಿಡ್ಡಿನ ಉಸೆರಾ ಬಡಾವಣೆಯಲ್ಲಿ ನಮ್ಮ ಚೀನೀಯರ ಅಂಗಡಿಗಳು ಮಧ್ಯಾಹ್ನವೂ ಬಾಗಿಲು ಹಾಕುವುದಿಲ್ಲ. ಮ್ಯಾಡ್ರಿಡ್‌ಗೆ ಮ್ಯಾಡ್ರಿಡ್ಡೇ ಊಟ ಮಾಡಿ ನಿದ್ದೆ ಹೊಡೆಯುವಾಗಲೂ ನಾವು ಗಲ್ಲಾದ ಹಿಂದೆ ಕೂತಿರುತ್ತೇವೆ. ದುರಾಸೆ ಎನ್ನುವವರು ಎನ್ನಲಿ. ಬಾಡಿಗೆಗೆ ಮನೆ ಕೇಳಿದರೆ ಮುಖಕ್ಕೇ ಬಾಗಿಲು ಬಡಿಯುತ್ತಿದ್ದ ಬೀದಿಯಿದು. ಇವತ್ತು ಇಲ್ಲಿ ಸಾಲಾಗಿ ಚೀನೀ ಬೋರ್ಡುಗಳು ತೂಗುತ್ತಿದ್ದರೆ ಅದು ಹಾಗೆ ಕೂತವರಿಂದಲೇ.

ಮೂ ಲಿಯೆನ್‌ಫಾಂಗ್ ಹಾಗೆ ಕೂತ ಮೊದಲಿಗರಲ್ಲಿ ಒಬ್ಬಳು. ನಮಗೆಲ್ಲ ಲಿಯೆನಕ್ಕ. ನಮ್ಮ ಹಾಗೆ ಚೀನಾದ ಚಿಂಗ್‌ತಿಯೆನ್ ಬೆಟ್ಟಸೀಮೆಯವಳು. ಗಂಡ ತೀರಿಕೊಂಡ ಮೇಲೂ ಹೊಲಿಗೆಯಂಗಡಿ ಬಿಡಲಿಲ್ಲ. ಬಾಯಿ ಮಾತ್ರ ಕತ್ತರಿಗಿಂತ ಹರಿತ. ಪಕ್ಕದ ಹಣ್ಣಿನಂಗಡಿ ನನ್ನದಾದ್ದರಿಂದ ಅದರ ರುಚಿ ನನಗೇ ಹೆಚ್ಚು ಸಿಕ್ಕಿದೆ.

ನಮ್ಮೂರಲ್ಲಿ ಭತ್ತದ ಗದ್ದೆಯ ನೀರಿನಲ್ಲೇ ಮೀನು ಸಾಕುತ್ತೇವೆ. ಹೊಸ ವರ್ಷಕ್ಕೆ ಮೀನಿನ ಆಕಾರದ ದೀಪಗಳನ್ನು ಕೋಲಿಗೆ ಸಿಕ್ಕಿಸಿ ಕುಣಿಸುತ್ತೇವೆ. ಉಸೆರಾದ ಮೆರವಣಿಗೆಗೆ ಆ ಮೀನುಗಳನ್ನು ಕಟ್ಟಿಕೊಡುತ್ತಿದ್ದವಳು ಲಿಯೆನಕ್ಕ. ಬಿದಿರು ಸೀಳಿ ಬಾಗಿಸಿ, ಕೆಂಪು ರೇಷ್ಮೆ ಹೊದಿಸಿ, ಹುರುಪೆ ಒಂದೊಂದನ್ನೂ ಕೈಯಲ್ಲೇ ಹೊಲಿಯುತ್ತಿದ್ದಳು. ಆದರೆ ಕಣ್ಣು ಬರೆದು ಮೀನಿಗೆ ಜೀವ ತುಂಬಿದ ಮೇಲೆ ಹೆಂಗಸರು ಮೀನನ್ನು ಮುಟ್ಟುವಂತಿರಲಿಲ್ಲ. ಹೊರುವ ಭಾಗ್ಯ ಗಂಡಸರದು. ಮೀನು ಬಾಗಿಲಿಗೆ ಬಂದಾಗ ಅಂಗಡಿಯ ಯಜಮಾನ ಅದಕ್ಕೆ ತಲೆಬಾಗಿ ವರ್ಷದ ಅದೃಷ್ಟ ಬರಮಾಡಿಕೊಳ್ಳುವುದು ವಾಡಿಕೆ.

ಆ ವರ್ಷ ಹೊರುವ ಗಂಡಸರೇ ಸಿಗಲಿಲ್ಲ. ಮೆರವಣಿಗೆಯ ದಿನ ಭರ್ಜರಿ ವ್ಯಾಪಾರ. ಗಲ್ಲಾ ಬಿಟ್ಟು ಬರುವವರು ಯಾರು? ನಾನೂ ಬೆನ್ನುನೋವಿನ ನೆಪ ಹೇಳಿದೆ. ಅಂಗಡಿಯವರ ಸಂಘದ ಸಭೆ ಲಿಯೆನಕ್ಕನ ಹೊಲಿಗೆಯಂಗಡಿಯಲ್ಲೇ ನಡೆಯಿತು. ಅಧ್ಯಕ್ಷ ಲುವೋ ಗ್ವಾಂಗ್‌ಹಾಯ್, ಮೂಲೆಯ ಹೋಟೆಲಿನ ಯಜಮಾನ, ಮೀನು ಇನ್ನು ಸಾಕು, ಪ್ಲಾಸ್ಟಿಕ್ ಡ್ರ್ಯಾಗನ್ ಬಾಡಿಗೆಗೆ ತರಿಸೋಣ ಎಂದ. ಒಂದು ಸಲ ನಿಂತರೆ ಮೀನಿನ ಕುಣಿತ ಮತ್ತೆ ಏಳುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರೂ ಗಡಿಯಾರ ನೋಡಿಕೊಂಡೆವು.

ಲಿಯೆನಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟಳು.

“ನಾವು ಹೊರ್ತೀವಿ ಬಿಡು.”

“ನಾವು ಅಂದ್ರೆ ಯಾರು?”

“ಹೆಂಗಸರು. ನೀವು ಗಲ್ಲಾ ಕಾಯ್ತಾ ಕೂತ್ಕೊಳ್ಳಿ.”

ಅಧ್ಯಕ್ಷ ನಕ್ಕ. ಹೆಂಗಸರ ಕೈ ಸೋಕಿದರೆ ಮೀನು ಮುನಿಸಿಕೊಳ್ಳುತ್ತದೆ, ಇಡೀ ಬೀದಿಯ ವ್ಯಾಪಾರ ಕೆಡುತ್ತದೆ ಎಂದ.

“ಗದ್ದೆಗಿಳಿದು ಮೀನಿಗೆ ಮೇವು ಹಾಕ್ತಿದ್ದೋರು ಯಾರಪ್ಪಾ, ನಾವೇ ತಾನೆ? ಆಗ ಮುನಿಸ್ಕೊಳ್ಳದೆ ಇದ್ದ ಮೀನು ಈಗ್ಯಾಕೆ ಮುನಿಸ್ಕೊಳ್ಳತ್ತೆ?”

 ಹೊತ್ತುಕೊಳ್ಳಿ, ಆದರೆ ನನ್ನ ಬಾಗಿಲಲ್ಲಿ ಆ ಮೀನಿಗೆ ನಾನು ತಲೆಬಾಗುವುದಿಲ್ಲ ಎಂದು ಅಧ್ಯಕ್ಷ ಎದ್ದು ಹೋದ. ಅದು ಸಣ್ಣ ಮಾತಲ್ಲ. ಅಧ್ಯಕ್ಷ ತಲೆಬಾಗದಿದ್ದರೆ ಬೀದಿಯಲ್ಲಿ ಯಾರೂ ಬಾಗುವುದಿಲ್ಲ. ಯಾರೂ ಬಾಗದ ಮೀನನ್ನು ಮರುವರ್ಷ ಹೊರುವವರಿಲ್ಲ. ಲಿಯೆನಕ್ಕ ಹೆದರಿದ್ದಳೆಂದು ಆಮೇಲೆ ನನ್ನ ಹೆಂಡತಿ ಹೇಳಿದಳು. ಆದರೂ ಉಗುರಿಗೆ ಬಣ್ಣ ಹಚ್ಚುವವಳು, ನೂಡಲ್ಸ್ ಎಳೆಯುವವಳು, ನನ್ನ ಹೆಂಡತಿ, ಎಲ್ಲರನ್ನೂ ಗೋದಾಮಿಗೆ ಕರೆದು ಕೈಗೆ ಮೀನಿನ ಕೋಲಿನ ಬದಲು ಪೊರಕೆ ಕೊಟ್ಟು ಕುಣಿತ ಕಲಿಸಿದಳು.

ಮೆರವಣಿಗೆಯ ಸಂಜೆ ಕಿತ್ತಳೆ ತೂಗುತ್ತಿದ್ದ ನಾನು ನಗಾರಿಯ ಸದ್ದಿಗೆ ಹೊರಗೆ ಬಂದೆ. ಎಲ್ಲರ ಮುಂದೆ ಲಿಯೆನಕ್ಕ, ಅವಳು ಎತ್ತಿಹಿಡಿದ ಕೋಲಿನ ತುದಿಯಲ್ಲಿ ದೊಡ್ಡ ಕೆಂಪು ಮೀನು. ಮೂರನೆಯ ಮೀನು ನನ್ನ ಹೆಂಡತಿಯದು. ಗಲ್ಲಾದ ಹಿಂದೆ ಬಗ್ಗಿ ಕೂತಿರುತ್ತಿದ್ದವಳು ಅಷ್ಟು ಎತ್ತರವಿದ್ದಾಳೆಂದು ನನಗೇ ತಿಳಿದಿರಲಿಲ್ಲ. ನನ್ನ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

ಹೋಟೆಲಿನ ಮುಂದೆ ಮೀನು ನಿಂತಿತು. ಅಧ್ಯಕ್ಷ ಕೈಕಟ್ಟಿ ಬಾಗಿಲಲ್ಲಿ ನಿಂತಿದ್ದ. ನಗಾರಿಯೂ ಸುಮ್ಮನಾಯಿತು. ಆಗ ಅವನ ಮುದಿ ತಾಯಿ ಅಡುಗೆಮನೆಯಿಂದ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮಗನ ಕಡೆ ನೋಡಲೂ ಇಲ್ಲ. ಮೆಟ್ಟಿಲಿಳಿದು, ಹಿಟ್ಟು ಮೆತ್ತಿದ ಕೈಗಳನ್ನು ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಗೆ ಒರೆಸಿಕೊಂಡು ಕೇಳಿದಳು:

“ನಾನೊಂದ್ಸಲ ಹಿಡ್ಕೊಳ್ಳಲೇನೇ, ಲಿಯೆನ್?”

ಲಿಯೆನಕ್ಕ ಆ ಕೋಲಿಗಾಗಿ ಜೀವಮಾನವೆಲ್ಲ ಕಾದಿದ್ದವಳು. ಅದನ್ನು ಕೈಯಲ್ಲಿ ಹಿಡಿದು ಅರ್ಧ ಬೀದಿಯೂ ನಡೆದಿರಲಿಲ್ಲ. ಒಂದು ಗಳಿಗೆಯೂ ಯೋಚಿಸದೆ ಮುದುಕಿಯ ಕೈಗಿಟ್ಟು ಪಕ್ಕಕ್ಕೆ ಸರಿದಳು. ಮೀನು ನಡುಗುತ್ತ ಮೇಲೆದ್ದು, ಮಗನ ಕಡೆ ತಿರುಗಿ ನಿಂತಿತು. ಅವನು ನಮ್ಮೆಲ್ಲರ ಎದುರು, ಹಣೆ ಮಂಡಿಗೆ ತಾಗುವಷ್ಟು ಬಾಗಿದ.