ಯಾವ ದೊಡ್ಡ ದವಾಖಾನಿ?

ನಾರಾಯಣಪೇಟೆ ಹೊಸ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ನಿವೃತ್ತಿಗೆ ಮುಂಚಿನ ಕೊನೆಯ ಹುದ್ದೆಯಲ್ಲಿ ನಾನು ಅಲ್ಲಿನ ಜಿಲ್ಲಾ ಆಸ್ಪತ್ರೆಯ ಸೂಪರಿಂಟೆಂಡೆಂಟ್. ಕಲಿತದ್ದು ಹೆರಿಗೆ ಮಾಡಿಸಲು. ದಿನವಿಡೀ ನೋಡುತ್ತಿದ್ದುದು ಜನರೇಟರಿನ ಡೀಸೆಲ್, ರಜೆ ಅರ್ಜಿ, ಮೀಟಿಂಗು. ಆಸ್ಪತ್ರೆ ಆಡಳಿತ ಸುಧಾರಣೆಯ ತರಬೇತಿಗಳಿಗೂ ಹೋಗಿ ಬಂದೆ. ಅಲ್ಲಿನ ಚಹಾ ಮಾತ್ರ ನೆನಪಿದೆ.

ಒಂದು ಮಧ್ಯಾಹ್ನ ಮಕ್ತಲ್ ಕಡೆಯ ಸಣ್ಣ ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡಿದಳು. ಸುಜಾತ ಎಂಬ ಚೊಚ್ಚಲ ಬಸುರಿಗೆ ಬಿ.ಪಿ. ವಿಪರೀತ ಏರಿತ್ತು. ಬೇಗ ಸಿಸೇರಿಯನ್ ಆಗದಿದ್ದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು.

"ನಿಮ್ಮ ಕಡೆ ಕಳಸಾಕತ್ತೀವ್ರಿ ಮೇಡಂ. ಆಂಬುಲೆನ್ಸ್ ತಡ ಐತಿ, ಮನಿಯವರs ಜೀಪ್ ಮಾಡ್ಕೊಂಡಾರ."

ಮನೆಗೆ ಹೊರಟಿದ್ದ ಅರಿವಳಿಕೆ ವೈದ್ಯರನ್ನು ತಡೆದೆ. ರಕ್ತ ತರಿಸಿದೆ. ಥಿಯೇಟರ್ ಸಿದ್ಧವಾಯಿತು. ಜೀಪ್ ಬರಲೇ ಇಲ್ಲ. ಮತ್ತೆ ಫೋನ್ ಮಾಡಿದರೆ, "ಆಗಲೇ ಹೋದ್ರಲ್ರೀ" ಎಂದಳು ನರ್ಸ್.

ಅವರು ಪಕ್ಕದ ಜಿಲ್ಲೆಯ ಗದ್ವಾಲಿಗೆ ಹೋಗಿದ್ದರು.

ಹೆಚ್ಚಿನ ಚಿಕಿತ್ಸೆಗೆ ಬೇರೆಡೆ ಕಳಿಸುವುದಕ್ಕೆ ನಮ್ಮವರ ಮಾತು ಒಂದೇ: 'ದೊಡ್ಡ ದವಾಖಾನಿಗೆ ಹೋಗ್ರಿ.' ನರ್ಸ್ ಹೇಳಿದ್ದೂ ಅದನ್ನೇ. ಆಕೆಯ ಮಟ್ಟಿಗೆ ಜಿಲ್ಲಾ ಕೇಂದ್ರವಾದ ನಾರಾಯಣಪೇಟೆಯದೇ ದೊಡ್ಡದು. ಜೊತೆಗಿದ್ದ ಸುಜಾತಳ ತಾಯಿ ನಾಗಮ್ಮ ಗದ್ವಾಲಿನ ಸೀರೆ ನೇಯುವ ಮನೆಯವಳು. ಹುಟ್ಟಿದಾಗಿನಿಂದ ಆಕೆಗೆ ದೊಡ್ಡ ದವಾಖಾನಿ ಎಂದರೆ ತನ್ನೂರಿನದು. ಇಂಥವರು ಬರುತ್ತಿದ್ದಾರೆಂದು ಗದ್ವಾಲಿನವರಿಗೆ ಹೇಳಿದವರಿಲ್ಲ. ಅಲ್ಲಿ ಇನ್ನೊಂದು ಆಪರೇಷನ್ ನಡೆದಿತ್ತು. ಆದರೂ ವೈದ್ಯರು ಕೈಲಾದದ್ದೆಲ್ಲ ಮಾಡಿದರು. ಸುಜಾತ ಉಳಿದಳು. ಮಗು ಉಳಿಯಲಿಲ್ಲ.

ನರ್ಸಿಗೊಂದು ಮೆಮೊ ಕೊಟ್ಟು ಕೈತೊಳೆದುಕೊಳ್ಳಲು ಮೇಲಿನವರು ತಯಾರಾಗಿದ್ದರು. ನಾನು ಗದ್ವಾಲಿಗೆ ಹೋಗಿ ನಾಗಮ್ಮನನ್ನು ಕಂಡೆ. ಆಕೆ ಜಗಳಕ್ಕೆ ಬರಲಿಲ್ಲ.

"ದೊಡ್ಡದಕ್ಕs ಹೋದಿವಲ್ರೀ ಅಮ್ಮಾ. ನಾರಾಯಣಪ್ಯಾಟಿ ಅಂತ ಒಂದು ಮಾತು ಅಂದಿದ್ರ ಅಲ್ಲಿಗೇ ಬರ್ತಿದ್ದಿವಿ."

ನನಗೆ ಅಳು ಬಂತು.

ಮುಂದಿನ ಮೀಟಿಂಗಿನಲ್ಲಿ ಮೆಮೊ ಬೇಡವೆಂದೆ. ಬದಲಿಗೆ ಒಂದು ಪದ್ಧತಿ ಕೇಳಿದೆ: ರೋಗಿಯನ್ನು ಕಳಿಸುವಾಗ ಊರಿನ ಹೆಸರು, ಅಲ್ಲಿ ಕಾಯುವ ಡಾಕ್ಟರ ಹೆಸರು ಹೇಳಬೇಕು, ಮನೆಯವರ ಬಾಯಿಂದ ಅದನ್ನು ತಿರುಗಿ ಹೇಳಿಸಬೇಕು. ತಲುಪಿದ ಮೇಲೆ ಕಳಿಸಿದವರಿಗೆ ಫೋನ್ ಹೋಗಬೇಕು. "ಇದೂ ಒಂದು ಸುಧಾರಣೆಯೇನ್ರೀ ಮೇಡಂ?" ಎಂದು ಅಧಿಕಾರಿಯೊಬ್ಬರು ನಕ್ಕರು. ವಾದ ಮಾಡುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಹಟ ಮಾತ್ರ ಬಿಡಲಿಲ್ಲ. ಪದ್ಧತಿ ಜಾರಿಗೆ ಬಂತು, ಕೇಳುವವರಿದ್ದಾಗ ನಡೆಯಿತು. ಈಗ ಎಷ್ಟು ನಡೆಯುತ್ತದೋ ಗೊತ್ತಿಲ್ಲ.

ಕೆಲಸ ನನಗೆ ಕಲಿಸಿದ್ದು ಇಷ್ಟು: ಕಳಿಸಿದ ಮಾತ್ರಕ್ಕೆ ರೋಗಿ ನಮ್ಮ ಕೈಬಿಟ್ಟು ಹೋಗುವುದಿಲ್ಲ, ತಲುಪಿದಳೆಂದು ತಿಳಿಯುವವರೆಗೂ ನಮ್ಮವಳೇ. ಆ ದಿನ ನಮ್ಮಲ್ಲಿ ವೈದ್ಯರಿದ್ದರು, ರಕ್ತವಿತ್ತು, ಕರೆಂಟೂ ಇತ್ತು. ಮಗುವಿಗೆಂದು ಬೆಚ್ಚಗೆ ಮಾಡಿಟ್ಟಿದ್ದ ವಾರ್ಮರನ್ನು ಸಂಜೆ ನಾನೇ ಆರಿಸಿದೆ.