ಅಪ್ಪನ ಟುವಾಲು

ದೆವ್ವ, ಶಕುನ, ಸತ್ತವರು ಬಂದುಹೋಗುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಹೇಳತೊಡಗಿದರೆ ಬಾಯಿ ಮುಚ್ಚಿ ನಗುತ್ತಿದ್ದೆ. ಈಗ ನೀವು ನಕ್ಕರೂ ನನಗೆ ಬೇಜಾರಿಲ್ಲ.

ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಔರಾದ್ ಬಸ್ಸು ನಿಲ್ಲುವ ಮೊದಲೇ ತಲೆಗೆ ರುಮಾಲು ಸುತ್ತಿದ ನಮ್ಮಪ್ಪ ಕಿಟಕಿಯಿಂದ ಒಳಗೆ ಟುವಾಲು ಎಸೆದು ಸೀಟು ಹಿಡಿಯುತ್ತಿದ್ದ. ಗುರಿ ತಪ್ಪದಿರಲೆಂದು ಅದರ ಮೂಲೆಯಲ್ಲಿ ಒಂದು ಅಡಿಕೆ ಕಟ್ಟಿರುತ್ತಿದ್ದ. ಟುವಾಲು ಬಿದ್ದ ಸೀಟನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ. ಭಾಲ್ಕಿಯಿಂದ ಸೊಸೆಯಾಗಿ ಬಂದ ನನ್ನ ಹೆಂಡತಿಗೆ ಬಸ್ಸು ಹತ್ತಿದರೆ ವಾಂತಿ. ಅಪ್ಪ ಸೀಟನ್ನು ಎರಡು ಸಲ ತಟ್ಟಿ, "ಬಾ ಅವ್ವಾ, ಖಿಡಕಿ ಬಾಜು ಕೂಡು" ಎನ್ನುತ್ತಿದ್ದ. ತಾನು ಮಾತ್ರ ಔರಾದ್‌ವರೆಗೂ ನಿಂತೇ ಬರುತ್ತಿದ್ದ. ಅಪ್ಪ ಹೋದ ಮೇಲೆ ಆ ಟುವಾಲು ನನ್ನ ಹೆಗಲಿಗೆ ಬಂತು. ಅಡಿಕೆಯ ಚಟ ನನಗಿಲ್ಲ, ಗಂಟು ಕಟ್ಟಿದವನೂ ಅಲ್ಲ.

ಕೆಲವು ವರ್ಷಗಳ ಹಿಂದೆ ನಾವಿಬ್ಬರೂ ಥೈಲ್ಯಾಂಡಿಗೆ ಹೋಗಿದ್ದೆವು. ಟ್ಯಾಕ್ಸಿ ಎಂದರೆ ಮುಖ ಸಿಂಡರಿಸುವ ಜಿಪುಣ ನಾನು, ಹೀಗಾಗಿ ಎಲ್ಲ ಕಡೆ ಬಸ್ಸೇ. ಗುಡ್ಡದ ಮೇಲಿನ ಊರೊಂದರಲ್ಲಿ ಅವಳಿಗೆ ವಿಪರೀತ ಜ್ವರ ಬಂತು. ಆಸ್ಪತ್ರೆ ಇದ್ದದ್ದು ಕೆಳಗಿನ ಪಟ್ಟಣದಲ್ಲಿ, ಮಧ್ಯಾಹ್ನದ್ದೇ ಕೊನೆಯ ಬಸ್ಸು. ಅದು ಬಂದದ್ದೇ ತಡ, ಜನ ಮುಗಿಬಿದ್ದರು. ಅವಳಿಗೆ ನಿಲ್ಲುವ ತ್ರಾಣವೂ ಇರಲಿಲ್ಲ. ಅಲ್ಲಿಯವರಿಗೆ ನಮ್ಮ ರೂಢಿ ಏನು ಗೊತ್ತು ಎಂಬುದನ್ನೂ ಮರೆತು ಕಿಟಕಿಯೊಳಗೆ ಟುವಾಲು ಎಸೆದೆ.

ಹತ್ತಿ ನೋಡಿದರೆ ಕಾಲಿಡಲು ಜಾಗವಿಲ್ಲ. ಆದರೆ ಟುವಾಲು ಬಿದ್ದ ಸೀಟು ಖಾಲಿ. ಪಕ್ಕದಲ್ಲಿದ್ದ ಮುದುಕಿ ಏನೋ ಹೇಳಿದಳು, ನನಗೆ ತಿಳಿಯಲಿಲ್ಲ. ಆಗ ಅವಳು ತಲೆಗೆ ರುಮಾಲು ಸುತ್ತಿದಂತೆ ಕೈಯಾಡಿಸಿ, ಬಾಗಿಲ ಕಡೆ ತೋರಿಸಿ, ಸೀಟನ್ನು ಎರಡು ಸಲ ತಟ್ಟಿದಳು. ಹೊರಗೆ ಬಗ್ಗಿ ನೋಡಿದೆ. ರುಮಾಲಿನವರು ಯಾರೂ ಇರಲಿಲ್ಲ.

ಟುವಾಲು ಎತ್ತಿದರೆ ಮೂಲೆ ಭಾರವಾಗಿತ್ತು. ಗಂಟು, ಅದರೊಳಗೆ ಅಡಿಕೆ.

"ನೀವ ಕಟ್ಟೀರೇನ್ರಿ?" ಎಂದಳು ಹೆಂಡತಿ. ಇಲ್ಲವೆಂದೆ. ಅವಳು ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಅಷ್ಟು ದೊಡ್ಡ ಘಾಟಿಯಲ್ಲಿ ಒಮ್ಮೆಯೂ ವಾಂತಿಯಾಗಲಿಲ್ಲ. ಹೊತ್ತು ಮುಳುಗುವ ಮೊದಲೇ ಆಸ್ಪತ್ರೆ ಸೇರಿದೆವು.

ಅಡಿಕೆ ಆ ದೇಶದಲ್ಲೂ ಸಿಗುತ್ತದೆ, ಯಾರೋ ಕಟ್ಟಿರಬೇಕು ಎಂದು ಗೆಳೆಯರು ಹೇಳುತ್ತಾರೆ. ಇರಬಹುದು. ಆದರೆ ಯಾರು, ಯಾಕೆ?

ಈಗ ಔರಾದ್ ಬಸ್ಸಿನಲ್ಲಿ ಅವಳು ಕಿಟಕಿಗೆ ಕೂತು, ಪಕ್ಕದ ಸೀಟಿನ ಮೇಲೆ ಆ ಟುವಾಲು ಹಾಸುತ್ತಾಳೆ. "ಮಾವನವ್ರು ಎಷ್ಟಂತ ನಿಂತ ಬರ್ತಾರ್ರಿ" ಎನ್ನುತ್ತಾಳೆ. ನಾನು ನಿಂತೇ ಬರುತ್ತೇನೆ.