ನೀಲಿ ಗೂಳಿಯ ಶನಿವಾರಗಳು

ಮನುಷ್ಯ ಬಾಯಲ್ಲಿ ಏನು ಬೇಕಾದರೂ ಹೇಳಲಿ, ಅವನ ಅಂಗಿ ಬೇರೆಯದನ್ನೇ ಹೇಳುತ್ತದೆ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಟೈಲರಮ್ಮ ಕಲಿತ ವೇದಾಂತ ಇಷ್ಟೇ. ‘ಸೊಂಟ ಮೊದಲಿನಷ್ಟೇ ಇದೆ’ ಅನ್ನುವವರ ಸುತ್ತ ಟೇಪು ಎರಡಿಂಚು ಮುಂದೆ ಓಡಿರುತ್ತದೆ. ‘ಮೆಟ್ಟಿಲಿಂದ ಜಾರಿದೆ’ ಅನ್ನುವವಳ ತೋಳು ಯಾರೋ ಹಿಡಿದೆಳೆದ ಕಡೆಗೇ ಹರಿದಿರುತ್ತದೆ. ಅವಳು ಯಾರನ್ನೂ ಕೆದಕಿ ಕೇಳಿದವಳಲ್ಲ. ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡವಳಿಗೆ ಕೇಳಲು ಬಾಯಾದರೂ ಎಲ್ಲಿ?

ಇಂಥ ಕಣ್ಣಿನವಳಿಗೆ ಗಂಡನಾಗಿ ಸಿಕ್ಕವನು ಟಿ.ವಿ. ಕುಸ್ತಿಯವನು. ಆ ಕಾಲದಲ್ಲಿ ಪ್ರತಿ ಶನಿವಾರ ಸಂಜೆ ಐದಕ್ಕೆ ಕುಸ್ತಿ ಶುರುವಾದರೆ ಬೀದಿಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಹಗ್ಗ ಕಟ್ಟಿದ ಅಖಾಡ, ಬಣ್ಣಬಣ್ಣದ ವೇಷ, ‘ನೇರಪ್ರಸಾರ! ನೇರಪ್ರಸಾರ!’ ಎಂದು ಗಂಟಲು ಹರಿದುಕೊಳ್ಳುವ ನಿರೂಪಕ. ಅವಳ ಗಂಡ ಅದರಲ್ಲಿ ‘ನೀಲಿ ಗೂಳಿ’. ಅವನನ್ನು ಎತ್ತಿ ಎತ್ತಿ ಒಗೆಯುತ್ತಿದ್ದವನು ‘ಬೋಳು ರಾಕ್ಷಸ’. ಗೂಳಿಯ ನೀಲಿ ಉಡುಪನ್ನು ಅಳತೆ ಹಿಡಿದು ಹೊಲಿದವಳು ಇವಳೇ.

ಯಾರು ಗೆಲ್ಲಬೇಕು ಎಂದು ಕಂಪನಿಯವರು ಮೊದಲೇ ಚೀಟಿ ಬರೆದುಕೊಡುತ್ತಾರೆ ಎನ್ನುವುದು ಅವಳಿಗೆ ಗೊತ್ತಿತ್ತು. ಆದರೆ ಬೀಳುವವನು ನನ್ನ ಗಂಡ, ಬೀಳುತ್ತಿರುವುದು ಈ ಗಳಿಗೆಯಲ್ಲಿ, ಅದರಲ್ಲೇನು ಸುಳ್ಳು ಎಂದುಕೊಂಡಿದ್ದಳು. ಮನೆ ತುಂಬ ನೆರೆಹೊರೆಯವರು ಕೂತು ಕೇಕೆ ಹಾಕುತ್ತಿದ್ದರೆ ಇವಳು ಮುಖಕ್ಕೆ ಅಂಗೈ ಮುಚ್ಚಿಕೊಂಡು ಬೆರಳ ಸಂದಿಯಲ್ಲಿ ನೋಡುತ್ತಿದ್ದಳು. ಆರೂವರೆಗೆ ಅವನು ಚೀಲ ಹಿಡಿದು ಹೊಸ್ತಿಲು ದಾಟಿದ ಮೇಲೆಯೇ ಅವಳ ಉಸಿರು ಕೆಳಗಿಳಿಯುತ್ತಿದ್ದುದು. ಹೀಗೆ ಆರು ವರ್ಷ.

ಅದೆಲ್ಲ ಮುಗಿದು ಎಷ್ಟೋ ಕಾಲವಾಯಿತು. ಈಗ ಗೂಳಿಗೆ ಮಂಡಿನೋವು. ಸ್ಟೂಲು ಹತ್ತಿ ಬಲ್ಬು ಬದಲಿಸಲೂ ಇನ್ನೊಬ್ಬರು ಬೇಕು.

ಮೊನ್ನೆ ಮಗಳು ಬಂದವಳು, “ಅಮ್ಮ, ಅಪ್ಪನ ಹಳೇ ಕುಸ್ತಿನೆಲ್ಲ ಯಾರೋ ಫೋನಲ್ಲಿ ಹಾಕಿದಾರೆ ನೋಡು” ಎಂದು ತೋರಿಸಿದಳು. ಗಂಡ ಒಳಗೆ ಮಲಗಿದ್ದ. ತಾಯಿ ಮಗಳು ಕೂತು ನಕ್ಕರು. ನಿಲ್ಲಿಸಿ ನಿಲ್ಲಿಸಿ ನೋಡಿದರೆ ಒದೆಗೂ ಗಲ್ಲಕ್ಕೂ ಗೇಣು ಅಂತರ. ಹೊಡೆಯುವವನ ಕೈ ಆಡಿದಾಗಲೆಲ್ಲ ಅವನ ಕಾಲು ಅಖಾಡದ ಹಲಗೆಗೆ ಧಡ್ ಎಂದು ಬಡಿದು ಏಟಿನ ಸದ್ದು ಮಾಡುತ್ತಿತ್ತು.

“ಇದಕ್ಕಾ ಅಮ್ಮ ನೀನು ಊಟ ಬಿಡ್ತಿದ್ದದ್ದು?”

“ಹೋಗೇ, ಆಗ ಹೀಗೆ ನಿಲ್ಲಿಸಿ ನೋಡೋಕೆ ಆಗ್ತಿತ್ತಾ?”

ನಗುತ್ತಿದ್ದ ಟೈಲರಮ್ಮ ಫೋನನ್ನು ಕಸಿದು ಕಣ್ಣ ಹತ್ತಿರಕ್ಕೆ ಹಿಡಿದಳು. ರಾಕ್ಷಸ ಎಳೆದ ರಭಸಕ್ಕೆ ಗೂಳಿಯ ಬಲಗಂಕುಳ ಹೊಲಿಗೆ ನಾಲ್ಕು ಬೆರಳಗಲ ಬಿಟ್ಟುಕೊಂಡಿತ್ತು. ಆ ಹರಕು ಅವಳಿಗೆ ಚೆನ್ನಾಗಿ ನೆನಪಿತ್ತು. ಮಾರನೆಯ ದಿನವೇ ಕೂತು ಹೊಲಿದಿದ್ದಳು. ನೀಲಿ ನೂಲು ಮುಗಿದು ಕರಿ ನೂಲು ಹಾಕಿದ್ದಕ್ಕೆ ತನ್ನನ್ನೇ ಬೈದುಕೊಂಡಿದ್ದಳು.

“ಮುಂದಿನ ವಾರದ್ದು ಹಾಕು.”

ಮುಂದಿನ ವಾರದ ಕುಸ್ತಿಯಲ್ಲೂ ಅದೇ ಹರಕು ಬಾಯ್ತೆರೆದುಕೊಂಡಿತ್ತು. ಕರಿ ನೂಲಿನ ಸುಳಿವಿಲ್ಲ. ಅದರ ಮುಂದಿನ ವಾರ, ಅದರಾಚೆಯ ವಾರ, ಅಲ್ಲೂ ಅದೇ. ಐದನೆಯ ವಾರಕ್ಕೆ ಕರಿ ಹೊಲಿಗೆ ಕಾಣಿಸಿತು.

ತುಂಡು ಬಟ್ಟೆ ಜೋಡಿಸಿದಂತೆ ಅವಳ ತಲೆ ಜೋಡಿಸಿಬಿಟ್ಟಿತು. ತಿಂಗಳ ಮೊದಲ ಶನಿವಾರ ಮಾತ್ರ ಅವನು ಬೆಳಗ್ಗೆಯೇ ಹೊರಡುತ್ತಿದ್ದ; ಅವತ್ತೇ ನಾಲ್ಕೂ ವಾರದ ಕುಸ್ತಿ ಒಟ್ಟಿಗೆ ಆಡಿಸಿ ಹಿಡಿದಿಟ್ಟಿದ್ದಾರೆ. ನೇರಪ್ರಸಾರ ಶುದ್ಧ ಸುಳ್ಳು. ಹಾಳಾಗಲಿ, ಅದು ಕಂಪನಿಯ ಸುಳ್ಳು. ಆದರೆ ಮಿಕ್ಕ ಮೂರು ಶನಿವಾರ? ಚೀಲ ಹೆಗಲಿಗೇರಿಸಿ, “ಬರ್ಲಾ?” ಎಂದು ಹೊರಟವನು ಎಲ್ಲಿಗೆ ಹೋಗುತ್ತಿದ್ದ? ತೊಯ್ದು ತೊಪ್ಪೆಯಾದ ಉಡುಪು ತರುತ್ತಿದ್ದನಲ್ಲ, ಬೆವರಿನ ವಾಸನೆಯೇ ಇಲ್ಲದೆ? ಯಾವ ನಲ್ಲಿಯ ನೀರು ಅದು? ಯಾರ ಮನೆಯ ನಲ್ಲಿ?

ಮಗಳನ್ನು ಕಳಿಸಿ, ಎದ್ದು ಬಂದ ಗಂಡನ ಮುಂದೆ ನಿಂತಳು.

“ರೀ, ಕುಸ್ತಿ ಇಲ್ಲದ ಶನಿವಾರ ಎಲ್ಲಿಗೆ ಹೋಗ್ತಿದ್ರಿ?”

ಅವನು ಕನ್ನಡಕ ಹುಡುಕಿದ. ಅದು ಮೂಗಿನ ಮೇಲೇ ಇತ್ತು. ಕೊನೆಗೆ ಹೇಳಿದ: “ಗೋಡೌನಲ್ಲಿ ಕೂಡಿಹಾಕ್ತಿದ್ರು. ನಾಲ್ಕಕ್ಕೆ ಶಟರ್ ಎಳೀತಿದ್ರು, ಆರಕ್ಕೆ ಬಿಡ್ತಿದ್ರು.”

ಒಮ್ಮೆ ಒಬ್ಬ ಕುಸ್ತಿಯವನು ಟಿ.ವಿ.ಯಲ್ಲಿ ಕತ್ತು ಹಿಸುಕಿಸಿಕೊಳ್ಳುತ್ತಿದ್ದ ಹೊತ್ತಿಗೆ ಸರಿಯಾಗಿ ಕ್ಷೌರದಂಗಡಿಯಲ್ಲಿ ಗಡ್ಡ ಹೆರೆಸಿಕೊಳ್ಳುತ್ತಾ ಸಿಕ್ಕಿಬಿದ್ದನಂತೆ. ಅಂದಿನಿಂದ ಪ್ರಸಾರದ ಹೊತ್ತಿನಲ್ಲಿ ಎಲ್ಲರನ್ನೂ ಬಚ್ಚಿಡುವುದು ಕಂಪನಿಯ ಕಟ್ಟಳೆಯಾಯಿತಂತೆ. ಮನೆಗೆ ಹೊರಡುವ ಮುನ್ನ ಉಡುಪನ್ನು ಗೋಡೌನಿನ ನಲ್ಲಿಯಲ್ಲಿ ತೋಯಿಸಿಕೊಳ್ಳುವುದೂ ಅದರಲ್ಲೇ ಸೇರಿತ್ತಂತೆ.

“ನನಗೆ ಯಾಕೆ ಹೇಳಲಿಲ್ಲ?”

“ಹೆಂಡತಿಗೆ ಹೇಳಿದ್ರೆ ಊರಿಗೆ ಡಂಗುರ ಸಾರಿದ ಹಾಗೆ, ಹೇಳಿದೋರು ಕೆಲಸ ಬಿಟ್ಟು ಮನೆಗೆ ಅಂದಿದ್ರು. ಆಮೇಲಾಮೇಲೆ... ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ.”

ಕಥೆಯೇನೋ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಅವಳಿಗೆ ಸೇರಲಿಲ್ಲ. ಒಂದು ಸುಕ್ಕಿಲ್ಲದೆ ಕೂರುವ ಅಂಗಿಯನ್ನು ಅವಳು ಈವರೆಗೆ ಗೊಂಬೆಯ ಮೈಮೇಲೆ ಮಾತ್ರ ನೋಡಿದ್ದಳು.

ಮರುದಿನ ಬೆಳಗ್ಗೆ ಎರಡು ಬೀದಿಯಾಚೆ ಕೀಲಿಕೈ ಮಾಡಿಕೊಡುವ ಅಂಗಡಿಗೆ ಹೋದಳು. ಅಂಗಡಿಯವನೇ ಹಿಂದಿನ ಬೋಳು ರಾಕ್ಷಸ. ಈಗ ಹುಬ್ಬೂ ಉದುರಿತ್ತು.

“ಬನ್ನಿ ಅತ್ತಿಗೆ, ಬೀಗ ಕೆಟ್ಟಿತಾ?”

“ಬೀಗ ಸರಿ ಇದೆ, ಗಂಡನ ಮೇಲೇ ಅನುಮಾನ. ಕುಸ್ತಿ ಇಲ್ಲದ ಶನಿವಾರ ನಿಮ್ಮನ್ನೆಲ್ಲ ಎಲ್ಲಿ ಇಡ್ತಿದ್ರು?”

ರಾಕ್ಷಸ ಕೀಲಿ ಉಜ್ಜುತ್ತಿದ್ದ ಅರ ಕೆಳಗಿಟ್ಟ. “ಗೋಡೌನಲ್ಲಿ ಕೂಡಿಹಾಕ್ತಿದ್ರು. ನಾಲ್ಕಕ್ಕೆ ಶಟರ್ ಎಳೀತಿದ್ರು, ಆರಕ್ಕೆ ಬಿಡ್ತಿದ್ರು.”

ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಎತ್ತುವವನು, ಎತ್ತಿಸಿಕೊಳ್ಳುವವನು ಮೊದಲೇ ಮಾತಾಡಿಕೊಂಡು ಊರನ್ನೇ ಆರು ವರ್ಷ ನಂಬಿಸಿದ ಜೋಡಿ ಇದು. ಒಬ್ಬ ಹೆಂಗಸನ್ನು ನಂಬಿಸುವುದು ಇವರಿಗೆ ಯಾವ ಲೆಕ್ಕ? ನಿನ್ನೆಯೇ ಫೋನು ಮಾಡಿ ಹೇಳಿಕೊಟ್ಟಿರಬಹುದು. ನಲವತ್ತು ವರ್ಷದ ಸಂಸಾರ ದಾರ ಕಿತ್ತ ಮಣಿಸರದಂತೆ ಕೈಜಾರಿ ಹೋಗುತ್ತಿದೆ ಅನ್ನಿಸಿತು. ಆದರೂ ಧೈರ್ಯಗೆಡಲಿಲ್ಲ.

“ಅಂಗಡಿ ಮುಚ್ಚು, ಬಾ ಮನೆಗೆ” ಎಂದಳು.

ಗೂಳಿಯನ್ನೂ ರಾಕ್ಷಸನನ್ನೂ ಎದುರುಬದುರು ಕೂರಿಸಿ ತಾನು ನಡುವೆ ಸ್ಟೂಲು ಹಾಕಿಕೊಂಡಳು.

“ಗೋಡೌನಲ್ಲಿ ಎರಡು ಗಂಟೆ ಏನು ಮಾಡ್ತಿದ್ರಿ?”

“ಇಸ್ಪೀಟು” ಎಂದ ಗೂಳಿ. “ಇಸ್ಪೀಟು” ಎಂದ ರಾಕ್ಷಸ.

ಇದೂ ಕಂಠಪಾಠ ಎಂದುಕೊಂಡಳು. “ಯಾರು ಗೆಲ್ತಿದ್ದದ್ದು?”

“ನಾನು!” ಇಬ್ಬರೂ ಒಟ್ಟಿಗೆ ಅಂದರು. ಅಂದವರು ಒಬ್ಬರನ್ನೊಬ್ಬರು ತಿರುಗಿ ನೋಡಿದರು.

“ನೀನಾ?” ರಾಕ್ಷಸನ ದನಿ ಏರಿತು. “ತೊಡೆ ಕೆಳಗೆ ಎಲೆ ಬಚ್ಚಿಟ್ಟು ಸಿಕ್ಕಿಹಾಕ್ಕೊಂಡಿದ್ದು ಮರೆತುಹೋಯ್ತಾ? ಎಲ್ಲರ ಮುಂದೆ?”

“ಲೋ, ಅದು ಕೆಳಗೆ ಬಿದ್ದಿದ್ದು! ನೀನು ಸೋತಾಗೆಲ್ಲ ಬಲ್ಬ್ ಆರಿಸಿ ಕತ್ತಲು ಮಾಡ್ತಿದ್ದೆಯಲ್ಲ, ಅದನ್ನ ಹೇಳು ನಿನ್ನ ಅತ್ತಿಗೆ ಮುಂದೆ!”

“ಬಲ್ಬ್ ಸ್ವಿಚ್ಚೇ ಹೊರಗಿತ್ತು, ಸುಳ್ಳ!”

“ಒಳಗೇ ಇತ್ತು!”

ಗೂಳಿ ಮಂಡಿನೋವು ಮರೆತು ಎದ್ದುನಿಂತಿದ್ದ. ರಾಕ್ಷಸನ ಕತ್ತಿನ ನರ ಉಬ್ಬಿತ್ತು. ಒಬ್ಬ ಇನ್ನೊಬ್ಬನ ಮಾತು ಮುಗಿಯುವವರೆಗೂ ಕಾಯುತ್ತಿರಲಿಲ್ಲ. ಯಾರು ಯಾವಾಗ ಬೀಳಬೇಕು ಎನ್ನುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟಿ.ವಿ.ಯಲ್ಲಿ ಆರು ವರ್ಷ ಈ ಇಬ್ಬರು ಜಗಳವಾಡಿದ್ದನ್ನು ನೋಡಿದವಳು ನಿಜವಾದ ಜಗಳ ನೋಡಿದ್ದು ಅವತ್ತೇ ಮೊದಲು. ಯಾವ ಕಂಪನಿಯೂ ಈ ಆಟಕ್ಕೆ ಚೀಟಿ ಬರೆದಿರಲಿಲ್ಲ.

ಅವಳ ಹೆಗಲು ಸಡಿಲಾಯಿತು. ಇನ್ನೊಬ್ಬಳ ಮನೆಯಿರಲಿಲ್ಲ. ಗೋಡೌನಿತ್ತು, ಶಟರ್ ಇತ್ತು, ಎಲೆ ಕದಿಯುವ ಗಂಡನಿದ್ದ.

ಆದರೆ ರಾಕ್ಷಸ ಹೋದ ಮೇಲೆ ಸಮಾಧಾನದ ಅಡಿಯಿಂದ ಇನ್ನೊಂದು ಕಿಚ್ಚು ಮೇಲೆದ್ದಿತು. “ನೀವಲ್ಲಿ ಎಲೆ ಬಚ್ಚಿಡ್ತಾ ಕೂತಿದ್ರಿ. ನಾನಿಲ್ಲಿ ನೀವು ಸತ್ತೇಹೋದ್ರಿ ಅಂತ ಕೂತಿದ್ದೆ. ಪ್ರತಿ ವಾರ.”

ಅವನು ತಲೆ ತಗ್ಗಿಸಿ ಮಂಡಿ ತಿಕ್ಕಿಕೊಂಡ.

ಆ ಶನಿವಾರ ನಾಲ್ಕಕ್ಕೆ ಟೈಲರಮ್ಮ ಚಪ್ಪಲಿ ಮೆಟ್ಟಿ ಹೊರಟಳು.

“ಎಲ್ಲಿಗೆ?”

“ಹೇಳಬಾರದು ಅಂತ ಕಟ್ಟಳೆ.”

ಹೋಗಿ ಬಸ್‌ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಕೂತಳು. ಬಸ್ಸುಗಳು ಬಂದವು, ಹೋದವು. ಐದಕ್ಕೇ ಬೇಸರ ಬಂತು, ಸೊಂಟ ಹಿಡಿಯಿತು. ಆದರೂ ಆರಾಗುವವರೆಗೆ ಎದ್ದೇಳಲಿಲ್ಲ. ಬೀದಿಯ ತಿರುವಿಗೆ ಬಂದಾಗ ಗೂಳಿ ಹೊಸ್ತಿಲ ಹೊರಗೆ, ಗೋಡೆ ಹಿಡಿದುಕೊಂಡು ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅವಳನ್ನು ಕಂಡು ಉಸಿರು ಬಿಟ್ಟಿದ್ದು ಅಷ್ಟು ದೂರಕ್ಕೂ ಕಾಣಿಸಿತು.

ಮೂರರಲ್ಲಿ ಒಂದಾಯಿತು, ಇನ್ನೂ ಎರಡು ಶನಿವಾರ ಹೀಗೇ ಹೋಗಿಬರಬೇಕು ಎಂದುಕೊಳ್ಳುತ್ತಾ ಅವಳು ನಿಧಾನಕ್ಕೆ ನಡೆದಳು.